ಕಾವಲು ಕೊಬ್ಬಿನ ಮೇಡಂ

ಮೇಡಂ ತೀರಿಹೋದರು ಎಂದು ಫೋನ್ ಬಂದಾಗ ನಾನು ಪುತ್ತೂರಿನ ಸೋಮವಾರದ ಸಂತೆಯಲ್ಲಿ ಬಸಳೆಯ ಕಟ್ಟು ಆರಿಸುತ್ತಿದ್ದೆ. ಫೋನ್ ಮಾಡಿದ್ದು ನಮ್ಮ ಕಾಲೇಜಿನ ಆಫೀಸಿನವರು. ಹೌದಾ ಎಂದೆ. ಯಾವಾಗ ಎಂದು ಕೇಳಿದೆ. ಬೆಳಗ್ಗೆ, ಮಲಗಿದಲ್ಲೇ ಅಂದರು. ಫೋನ್ ಚೀಲದೊಳಗೆ ಹಾಕಿ ಬಸಳೆ ಕೊಂಡೆ, ಅದಕ್ಕೆ ಹಾಕಲು ಸ್ವಲ್ಪ ಒಣ ಸಿಗಡಿಯನ್ನೂ ಕೊಂಡೆ, ರಿಕ್ಷಾ ಹಿಡಿದು ಮನೆಗೆ ಹೋಗಿ ಅಡುಗೆ ಮಾಡಿದೆ. ಅಡುಗೆ ಚೆನ್ನಾಗಿಯೇ ಆಗಿತ್ತು. ಹೇಳಿಕೊಳ್ಳುವ ಸಂಗತಿ ಅಲ್ಲ, ಆದರೆ ನಡೆದದ್ದು ಹಾಗೆ. ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತವರು ಸತ್ತರೆ ಕಣ್ಣಲ್ಲಿ ಒಂದು ಹನಿಯಾದರೂ ಬರಬೇಕು. ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಅಲ್ಲೇ ಇದೆ ಆದರೆ ನಮ್ಮದಲ್ಲ, ಹಾಗಿದೆ ಒಳಗೆ.

ಅವರು ಜೀವರಸಾಯನ ಪಾಠ ಮಾಡುತ್ತಿದ್ದರು. ನಾನು ಅದೇ ವಿಭಾಗದಲ್ಲಿ ಅವರಿಗಿಂತ ಕಿರಿಯಳು. ನಾನು ಕೆಲಸಕ್ಕೆ ಸೇರಿದ ದಿನದಿಂದ ಅವರು ನಿವೃತ್ತರಾಗುವವರೆಗೆ ನಮ್ಮ ಮೇಜುಗಳು ಎದುರುಬದುರಾಗಿಯೇ ಇದ್ದವು. ಅವರ ಊರು ಸುಬ್ರಹ್ಮಣ್ಯದಿಂದಾಚೆ ಕಾಡಿನಂಚಿನ ಕೊಲ್ಲಮೊಗ್ರು, ಮನೆಮಾತು ಅರೆಭಾಷೆ. ನನ್ನದು ಪುತ್ತೂರು ಪೇಟೆಯೇ, ಮನೆಯಲ್ಲಿ ಬ್ಯಾರಿ ಭಾಷೆ, ತಂದೆಗೆ ಮೀನಿನ ವ್ಯಾಪಾರ. ನಮ್ಮಿಬ್ಬರ ನಡುವೆ ಕೆಲಸದ ಮಾತು ಕನ್ನಡದಲ್ಲಿ, ಊರ ಸುದ್ದಿ ತುಳುವಿನಲ್ಲಿ. ಊರ ಸುದ್ದಿ ನಾನು ಹೇಳುತ್ತಿದ್ದೆ, ಅವರು ಹೂಂಗುಟ್ಟುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ. ಪುತ್ತೂರಿನ ದರ್ಬೆಯಲ್ಲಿ ಸಣ್ಣದೊಂದು ಬಾಡಿಗೆ ಮನೆ. ಯಾಕೆ ಮದುವೆಯಾಗಲಿಲ್ಲ ಎಂದು ನಾನು ಒಂದು ಸಲ ಕೇಳಿಯೇಬಿಟ್ಟೆ. ಸಮಯ ಆಗಲಿಲ್ಲ ಎಂದರು, ಯಾರೋ ಪೋಸ್ಟ್ ಆಫೀಸಿಗೆ ಹೋಗಲಿಲ್ಲವಾ ಎಂದು ಕೇಳಿದ ಹಾಗೆ.

ಹೊಸ ಮಕ್ಕಳು ಮೊದಲ ದಿನ ಲ್ಯಾಬಿಗೆ ಬಂದರೆ ಅವರು ಮುಖ ನೋಡುತ್ತಿರಲಿಲ್ಲ, ತಲೆ ನೋಡುತ್ತಿದ್ದರು. ಎಣ್ಣೆ ಹಾಕಿ ಬಾಚಿಕೊಂಡು ಬಂದವರೆಲ್ಲ ಬಾಗಿಲ ಹೊರಗೆ. ನಮ್ಮ ಕಡೆಯಲ್ಲಿ ಹುಡುಗಿಯರು ತಲೆಗೆ ತೆಂಗಿನೆಣ್ಣೆ ಹಾಕದೆ ಕಾಲೇಜಿಗೆ ಹೊರಟರೆ ಅಮ್ಮಂದಿರು ಬಿಡುತ್ತಾರೆಯೇ? ಕೆದರಿದ ಕೂದಲಲ್ಲಿ ಹೋಗುವುದೆಂದರೆ ಸೂತಕದ ಮನೆಯಿಂದ ಹೋದ ಹಾಗೆ. ಒಬ್ಬ ತಾಯಿ ಪ್ರಿನ್ಸಿಪಾಲರಲ್ಲಿಗೇ ಬಂದು, ಈ ಮೇಡಮ್ಮನಿಂದಾಗಿ ನನ್ನ ಮಗಳ ಮೊಣಕಾಲುದ್ದದ ಜಡೆ ಉದುರಿಹೋಗುತ್ತಿದೆ ಎಂದು ದೂರು ಕೊಟ್ಟಿದ್ದರು. ಪ್ರಿನ್ಸಿಪಾಲರು ಕರೆಸಿ ಕೇಳಿದರೆ ಮೇಡಂ ಅಂದದ್ದಿಷ್ಟೇ: ನಾವು ಇಲ್ಲಿ ಹುಡುಕುವುದು ಕೊಬ್ಬು, ಅವರು ತಲೆ ಮೇಲೆ ಹೊತ್ತುಕೊಂಡು ಬರುವುದೂ ಕೊಬ್ಬೇ, ಆಮೇಲೆ ಯಾವುದು ಯಾವುದರದ್ದು ಎಂದು ನಾನು ಯಾರನ್ನು ಕೇಳಲಿ? ಕೊನೆಗೆ ಲ್ಯಾಬ್ ಇರುವ ದಿನ ಮಾತ್ರ ಎಣ್ಣೆ ಬೇಡ ಎಂದು ರಾಜಿಯಾಯಿತು.

ಅವರೇ ಆ ನಿಯಮವನ್ನು ಎಲ್ಲರಿಗಿಂತ ಹೆಚ್ಚು ಪಾಲಿಸುತ್ತಿದ್ದರು. ಮಧ್ಯಾಹ್ನ ಊಟವನ್ನು ಚಮಚದಲ್ಲಿ ಮಾಡುತ್ತಿದ್ದರು. ಕುಚ್ಚಲಕ್ಕಿ ಅನ್ನ, ತಂಬುಳಿ, ಚಮಚ! ಕ್ಯಾಂಟೀನಿನವರು ಹಿಂದಿನಿಂದ ಫಾರಿನ್ ಮೇಡಂ ಎನ್ನುತ್ತಿದ್ದರು. ಅವರು ಮಂಗಳೂರು ಬಿಟ್ಟು ಆಚೆ ಹೋದದ್ದೇ ಅಪರೂಪ. ನಾನು ಟಿಫಿನ್ ಬಿಚ್ಚಿ ಕೈಯಲ್ಲಿ ಮೀನು ಬಿಡಿಸಿ ತಿನ್ನುವಾಗ ಅವರ ಕಣ್ಣು ನನ್ನ ಬೆರಳ ಮೇಲಿರುತ್ತಿತ್ತು. ಊಟವಾದ ಮೇಲೆ ನನ್ನನ್ನು ಲ್ಯಾಬಿನ ಕಡೆ ಸುಳಿಯಲು ಬಿಡುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು, ಆದರೆ ಹೇಳಿ ಪ್ರಯೋಜನವಿಲ್ಲ ಎಂದು ಗೊತ್ತಿತ್ತು.

ಜೀವಕೋಶದ ಪೊರೆ ಎಂದರೇನು ಎಂದು ಅವರು ಮಕ್ಕಳಿಗೆ ಹೇಳಿಕೊಡುತ್ತಿದ್ದ ಕ್ರಮ ನನಗೆ ಇಷ್ಟ. ತರಗತಿಯನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಎರಡು ಸಾಲಾಗಿ, ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸುತ್ತಿದ್ದರು. ಪೊರೆಯೊಳಗಿನ ಒಂದೊಂದು ಕೊಬ್ಬಿನ ಕಣಕ್ಕೂ ನೀರು ಬೇಕೆನ್ನುವ ಒಂದು ಮುಖ, ನೀರೆಂದರೆ ಆಗದ ಒಂದು ಬಾಲ. ಅದಕ್ಕೇ ಬಾಲಗಳೆಲ್ಲ ಒಳಗೆ, ಮುಖಗಳೆಲ್ಲ ಹೊರಗೆ. ಈಗ ಜಾಗ ಬದಲಾಯಿಸಿ, ಆದರೆ ಸಾಲು ಬಿಡಬೇಡಿ ಎನ್ನುತ್ತಿದ್ದರು. ಮಕ್ಕಳು ನಗುತ್ತ ಜರುಗುತ್ತಿದ್ದರು. ಆಮೇಲೆ ನಡುವಿನಿಂದ ನಾಲ್ಕಾರು ಮಂದಿಯನ್ನು ಕೈಹಿಡಿದು ಹೊರಗೆಳೆದು, ನೋಡಿ, ಈಗ ಯಾರು ಬೇಕಾದರೂ ಒಳಗೆ ನುಗ್ಗಬಹುದು ಎನ್ನುತ್ತಿದ್ದರು. ಕರುಳಿನಲ್ಲಿ ಹುಣ್ಣಾಗುವುದು ಹೀಗೆ. ಒಳಗೋಡೆಯ ಜೀವಕೋಶಗಳಲ್ಲಿ, ಅದರ ಮೇಲಿನ ಲೋಳೆಯಲ್ಲಿ ಇರಬೇಕಾದ ಕೊಬ್ಬು ಕಡಿಮೆಯಾದರೆ ಕರುಳಿನಲ್ಲಿ ಮೊದಲಿನಿಂದಲೂ ಇರುವ ಬ್ಯಾಕ್ಟೀರಿಯಾ ಗೋಡೆಗೆ ತಾಗುತ್ತದೆ, ಗೋಡೆ ಕೆಂಪಾಗುತ್ತದೆ, ರಕ್ತ ಬರುತ್ತದೆ. ವರ್ಷಾನುಗಟ್ಟಲೆ ಹೀಗೇ ನಡೆದರೆ ಕೆಲವರಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ, ಕೆಲವರಿಗೆ ಹುಟ್ಟುವುದಿಲ್ಲ. ಯಾರಿಗೆ, ಯಾಕೆ ಎಂಬುದು ಮೇಡಮ್ಮನ ಪ್ರಶ್ನೆ. ಕ್ಯಾನ್ಸರ್ ಬರುವ ಮೊದಲೇ ಪೊರೆಯ ಕೊಬ್ಬು ಬದಲಾಗುತ್ತದೆಯೇ, ಅದನ್ನು ಮುಂಚಿತವಾಗಿ ಓದಬಹುದೇ ಎಂದು ಅವರು ವರ್ಷಗಟ್ಟಲೆ ಹುಡುಕಿದರು.

ಹುಡುಕಲು ಕರುಳಿನ ಚೂರು ಬೇಕು. ಆಸ್ಪತ್ರೆಯಲ್ಲಿ ಕ್ಯಾಮೆರಾ ಹಾಕಿ ನೋಡುವಾಗ ತೆಗೆಯುವ, ಅಕ್ಕಿಕಾಳಿಗಿಂತ ಸಣ್ಣ ಚೂರುಗಳು. ರೋಗಿಗಳ ಒಪ್ಪಿಗೆ ಪಡೆದು ಡಾಕ್ಟರು ಮೇಡಮ್ಮನಿಗೂ ಒಂದು ಚೂರು ಕೊಡುತ್ತಿದ್ದರು. ಇದು ಹುಡುಕಾಟ, ಪರೀಕ್ಷೆಯಲ್ಲ, ಆದ್ದರಿಂದ ಇದರಲ್ಲಿ ಕಂಡದ್ದನ್ನು ಯಾವ ರೋಗಿಗೂ ಹೇಳುವಂತಿಲ್ಲ ಎಂದು ಅವರು ಪ್ರತಿ ವರ್ಷ ಮಕ್ಕಳಿಗೆ ಒತ್ತಿ ಒತ್ತಿ ಹೇಳುತ್ತಿದ್ದರು. ಚೂರುಗಳನ್ನು ಮಂಜುಗಡ್ಡೆಯಲ್ಲಿಟ್ಟು ತರಬೇಕು. ಅದಕ್ಕೆ ನನ್ನ ತಂದೆ ಅಂಗಡಿಯಿಂದ ಒಂದು ಹೊಸ ಥರ್ಮಾಕೋಲ್ ಪೆಟ್ಟಿಗೆ ಕೊಟ್ಟಿದ್ದರು. ಮೇಡಂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದಾಗ ಕಂಡಕ್ಟರ್ ಬಗ್ಗಿ, ಎಂತ ಮೀನು ಮೇಡಂ ಎಂದು ಕೇಳಿದನಂತೆ. ಮೀನಲ್ಲ, ಕರುಳು ಎಂದರಂತೆ ಇವರು. ಆಮೇಲೆ ಆ ರೂಟಿನಲ್ಲಿ ಮೇಡಮ್ಮನ ಪಕ್ಕದ ಸೀಟು ಖಾಲಿಯೇ ಇರುತ್ತಿತ್ತು. ಅವರು ನಗದೆ ಹೇಳಿದ ಈ ಕಥೆಗೆ ನಾನು ಒಂದು ವಾರ ನಕ್ಕೆ.

ಈ ರೋಗವೇ ಯಾಕೆ ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅವರ ತಮ್ಮನಿಗೆ ಅದು ಇತ್ತು. ತಮ್ಮ ಕೊಲ್ಲಮೊಗ್ರು ಮತ್ತು ಸುಬ್ರಹ್ಮಣ್ಯದ ನಡುವೆ ಬಾಡಿಗೆ ಜೀಪು ಓಡಿಸುತ್ತಿದ್ದ. ಜೀಪು ತುಂಬ ಜನ ತುಂಬಿಕೊಂಡು ಹೊರಟ ಮೇಲೆ ದಾರಿಯಲ್ಲಿ ಮೂರು ಸಲ ಕಾಡಿನೊಳಗೆ ಓಡಬೇಕಾದರೆ ಡ್ರೈವರನ ಪಾಡು ಏನು? ಊರಿನವರು ಮೂಲವ್ಯಾಧಿ ಎಂದರು. ಯಾವಯಾವುದೋ ಬೇರಿನ ಕಷಾಯ ಕುಡಿಸಿದರು. ಅಕ್ಕ ಕೈಹಿಡಿದು ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವಷ್ಟರಲ್ಲಿ ವರ್ಷಗಳೇ ಹೋಗಿದ್ದವು. ಒಂದು ಮಳೆಗಾಲ ರೋಗ ಜೋರಾಗಿ ಅವನು ದರ್ಬೆಯ ಮನೆಯಲ್ಲೇ ಬಂದು ಉಳಿದ. ಈ ಕಾಯಿಲೆಯವರಿಗೆ ಗಂಟುನೋವೂ ಬರುತ್ತದೆ. ಮೊಣಕಾಲು ಊದಿಕೊಂಡು ಕಕ್ಕಸಿಗೆ ಹೋಗಲೂ ಗೋಡೆ ಹಿಡಿಯಬೇಕಿತ್ತು. ಮೇಡಂ ಬೆಳಗ್ಗೆ ಎದ್ದು ಅವನ ಕಾಲು ತಿಕ್ಕಿ, ಗಂಜಿ ಮಾಡಿಟ್ಟು ಕಾಲೇಜಿಗೆ ಬರುತ್ತಿದ್ದರು. ಒಂದು ದಿನವೂ ತಡವಾಗಿ ಬಂದದ್ದು ನನಗೆ ನೆನಪಿಲ್ಲ.

ಆ ಮಳೆಗಾಲದಲ್ಲೇ ಅವರಿಗೆ ಹುಡುಕುತ್ತಿದ್ದದ್ದು ಸಿಕ್ಕಿತು. ಚೂರಿನಿಂದ ಕೊಬ್ಬನ್ನು ಬೇರ್ಪಡಿಸಿ, ಗಾಜಿನ ಹಲಗೆಯ ಮೇಲೆ ಹರಡಿ, ಬೇಕಾದ ಪಟ್ಟಿಯನ್ನು ಬ್ಲೇಡಿನಿಂದ ಕೆರೆದು ತೆಗೆದು, ಟ್ಯೂಬಿನಲ್ಲಿ ಹಾಕಿ ಮಂಗಳೂರಿಗೆ ಒಯ್ದರೆ ಅಲ್ಲಿನ ಯಂತ್ರ ಒಂದೊಂದು ಬಗೆಯ ಕೊಬ್ಬಿಗೂ ಕಾಗದದ ಮೇಲೆ ಒಂದೊಂದು ಗುಡ್ಡ ಎಬ್ಬಿಸುತ್ತದೆ. ನಾವು ಅದನ್ನು ಪೀಕ್ ಎನ್ನುತ್ತೇವೆ. ಎಷ್ಟೋ ವರ್ಷದಿಂದ ಕರುಳಿನ ಹುಣ್ಣಿದ್ದೂ ಕ್ಯಾನ್ಸರ್ ಆಗದವರ ಚೂರುಗಳಲ್ಲಿ ಒಂದು ಪೀಕ್ ಇತ್ತು. ಹಿಂದಿನ ಬೇಸಿಗೆ ರಜೆಯಲ್ಲಿ ಮಾಡಿಟ್ಟ, ಕ್ಯಾನ್ಸರ್ ಆದವರ ಚೂರುಗಳಲ್ಲಿ ಅದು ಇರಲೇ ಇಲ್ಲ. ತೆಂಗಿನಕಾಯಿಯಲ್ಲಿ ಹೇರಳವಾಗಿರುವ ಕೊಬ್ಬಿನಾಮ್ಲದ ಪೀಕ್ ಅದು. ಮೇಡಮ್ಮನಿಗೆ ಕೂಡಲೇ ಅನುಮಾನ ಬಂತು, ಬಾರದೆ ಇದ್ದೀತೇ? ಆದರೆ ಪ್ರತಿ ಸಲವೂ ಚೂರಿಲ್ಲದ ಒಂದು ಖಾಲಿ ಟ್ಯೂಬನ್ನೂ ಜೊತೆಗೆ ಓಡಿಸುವುದು ಅವರ ಕ್ರಮ. ಖಾಲಿ ಟ್ಯೂಬಿನಲ್ಲಿ ಏನೂ ಇರಲಿಲ್ಲ. ಹಾಗಾದರೆ ಇದು ಕರುಳಿನದ್ದೇ. ಮೂರು ಹೊತ್ತೂ ತೆಂಗಿನಕಾಯಿ ಅರೆದು ಉಣ್ಣುವ ಊರು ನಮ್ಮದು. ತಿಂದ ಕೊಬ್ಬು ಪೊರೆಗೆ ಸೇರಿ ಕರುಳಿಗೆ ಕಾವಲು ನಿಲ್ಲುತ್ತಿರಬಹುದು ಎಂದು ಅವರು ಬರೆದರು. 'ಬಹುದು' ಎಂಬುದನ್ನು ಅವರು ಸರಿಯಾಗಿಯೇ ಬರೆದಿದ್ದರು.

ಲೇಖನ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಅದು ಹೇಗೋ ನಮ್ಮ ಊರಿನ ವರದಿಗಾರನ ಕೈಗೆ ಸಿಕ್ಕಿತು. ಅವನು 'ಬಹುದು' ತೆಗೆದುಹಾಕಿದ. ಕರುಳಿಗೆ ತೆಂಗಿನ ಕಾವಲು ಕೊಬ್ಬು, ಪುತ್ತೂರಿನ ಉಪನ್ಯಾಸಕಿಯ ಸಾಧನೆ ಎಂದು ದೊಡ್ಡ ಅಕ್ಷರದಲ್ಲಿ ಬಂತು. ಆಮೇಲೆ ಕೇಳಬೇಕೆ! ಊರಿನ ಸಂಘವೊಂದು ಶಾಲು ಹೊದಿಸಿತು, ಹಣ್ಣಿನ ಬುಟ್ಟಿ ಕೊಟ್ಟಿತು, ಅಡಿಕೆಯ ಹಾರ ಹಾಕಿತು. ಬಸ್ಸಿನಲ್ಲಿ ಗುರುತಿಲ್ಲದವರು ಎದ್ದು ಸೀಟು ಕೊಟ್ಟರು. ಹೃದಯದ ಡಾಕ್ಟರು ಕಾಯಿ ತಿನ್ನಬೇಡಿ ಎಂದು ಹೆದರಿಸಿಟ್ಟಿದ್ದ ಮುದುಕರೆಲ್ಲ ಖುಷಿಪಟ್ಟರು. ನಮ್ಮ ಅಮ್ಮ ಕೂಡ ನಿನ್ನ ಮೇಡಂ ಒಳ್ಳೆಯದು ಕಂಡುಹಿಡಿದಳು ಎಂದು ಅಕ್ಕಿಹಿಟ್ಟಿನ ಪತ್ತಿರ್‌ಗೆ ಇನ್ನೊಂದು ಹಿಡಿ ಕಾಯಿ ಜಾಸ್ತಿ ಹಾಕಿದಳು. ಮೇಡಂ ಮಾತ್ರ ಆ ಶಾಲನ್ನು ಲ್ಯಾಬಿನ ಬೀರುವಿನೊಳಗೆ ತುರುಕಿ ಇಟ್ಟರು. ಬಹುಶಃ ಸಂತೋಷವಾಗಿತ್ತು. ಅವರ ಮುಖದಲ್ಲಿ ಅದನ್ನು ಗುರುತಿಸುವುದು ಸುಲಭವಿರಲಿಲ್ಲ.

ಅಷ್ಟರಲ್ಲಿ ತಮ್ಮ ಸ್ವಲ್ಪ ಸುಧಾರಿಸಿ ಊರಿಗೆ ಮರಳಿದ್ದ, ಮತ್ತೆ ಜೀಪು ಹತ್ತಿದ್ದ. ಮರುವರ್ಷದ ತಪಾಸಣೆಯಲ್ಲಿ ಡಾಕ್ಟರಿಗೆ ಅವನ ಕರುಳಿನ ಒಂದು ಕಡೆಯ ಜೀವಕೋಶಗಳು ಸರಿ ಕಾಣಲಿಲ್ಲ. ಕ್ಯಾನ್ಸರ್ ಅಲ್ಲ, ಆದರೆ ಆ ದಾರಿ ಹಿಡಿದಿವೆ ಎಂದರು. ದೊಡ್ಡ ಕರುಳನ್ನೇ ಪೂರ್ತಿ ತೆಗೆಯಬೇಕು, ಹೊಟ್ಟೆಯ ಹೊರಗೆ ಚೀಲ ಕಟ್ಟಿಕೊಂಡು ಇರಬೇಕಾಗಬಹುದು, ತಡಮಾಡಬೇಡಿ ಎಂದರು. ತಮ್ಮ ಒಪ್ಪಲಿಲ್ಲ. ಅವನದೂ ಒಂದು ಚೂರು ಆ ಮಳೆಗಾಲದಲ್ಲಿ ಅಕ್ಕನ ಟ್ಯೂಬಿಗೆ ಹೋಗಿತ್ತು, ಅದರಲ್ಲಿ ಆ ಪೀಕ್ ಎಲ್ಲರದ್ದಕ್ಕಿಂತ ಎತ್ತರವಾಗಿತ್ತು, ಮತ್ತು ಅದು ಅವನಿಗೆ ಗೊತ್ತಿತ್ತು. ಆಸ್ಪತ್ರೆಯವರು ಯಾರೋ ಬಾಯಿಬಿಟ್ಟಿರಬೇಕು ಎಂದು ನಾನು ತಿಳಿದುಕೊಂಡೆ. ನನಗೆ ಕಾವಲು ಉಂಟು, ಹೊಟ್ಟೆಗೆ ಚೀಲ ಕಟ್ಟಿಕೊಂಡು ಜೀಪು ಓಡಿಸಲಿಕ್ಕೆ ನನ್ನಿಂದ ಆಗುದಿಲ್ಲ ಎಂದುಬಿಟ್ಟ. ಡಾಕ್ಟರು ಹೇಳಿದ್ದನ್ನು ಕೇಳು ಎಂದು ಮೇಡಂ ಫೋನಿನಲ್ಲಿ ಹೇಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಆದರೆ ಆ ಮಾತಿನಲ್ಲಿ ಜೋರು ಇರಲಿಲ್ಲ. ತಾನೇ ಬರೆದದ್ದನ್ನು ಅವನು ತನಗೇ ತಿರುಗಿ ಹೇಳುವಾಗ ಅವರು ಏನು ಹೇಳಬೇಕು?

ಹೊಸ ಚೂರುಗಳು ಬರುತ್ತಲೇ ಇದ್ದವು. ಅವುಗಳಲ್ಲಿ ಪೀಕ್ ಇರಲಿಲ್ಲ. ಒಂದರಲ್ಲಿಯೂ ಇರಲಿಲ್ಲ. ಮೇಡಂ ಯಂತ್ರದವರೊಡನೆ ಜಗಳವಾಡಿದರು, ದ್ರಾವಕ ಬದಲಾಯಿಸಿದರು, ಟ್ಯೂಬುಗಳನ್ನು ಆಸಿಡ್ಡಿನಲ್ಲಿ ತೊಳೆದರು. ತಿಂಗಳುಗಳು ಹೋದವು. ಊಟ ಕಡಿಮೆಯಾಯಿತು. ನಾನು ಊರ ಸುದ್ದಿ ಹೇಳಿದರೆ ಹೂಂಗುಟ್ಟುವುದೂ ನಿಂತಿತು. ಒಂದು ಬೆಳಗ್ಗೆ ಅವರು ಕಾಲೇಜಿಗೆ ಬಂದವರು ಬಾಗಿಲಲ್ಲೇ ನಿಂತು ತಮ್ಮ ಎರಡು ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಎಂತಾಯಿತು ಮೇಡಂ ಎಂದೆ. ಇವತ್ತು ಕೈಗೆ ಎಣ್ಣೆ ಹಚ್ಚಿ, ಸೋಪು ಹಾಕಿ ತೊಳೆದು ಬಂದಿದ್ದೇನೆ ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಒಳಗೆ ಹೋಗಿ, ಏನೂ ಇಲ್ಲದ ಗಾಜಿನ ಹಲಗೆಯನ್ನು ಹಿಡಿದು, ಏನೂ ಇಲ್ಲದ ಜಾಗವನ್ನು ಬ್ಲೇಡಿನಿಂದ ಕೆರೆದು, ಟ್ಯೂಬಿಗೆ ಹಾಕಿದರು. ಕೆಲವು ದಿನಗಳ ಮೇಲೆ ಮಂಗಳೂರಿನಿಂದ ಬಂದ ಕಾಗದವನ್ನು ನನ್ನ ಮೇಜಿನ ಮೇಲೆ ಇಟ್ಟರು. ಅದೇ ಪೀಕ್, ಅದೇ ಜಾಗದಲ್ಲಿ.

ಆಗ ನನಗೆ ಹೊಳೆಯಿತು. ಆ ಮಳೆಗಾಲವಿಡೀ ಅವರು ಬೆಳಗ್ಗೆ ತಮ್ಮನ ಮೊಣಕಾಲಿಗೆ ಬಿಸಿ ಮಾಡಿದ ತೆಂಗಿನೆಣ್ಣೆ ತಿಕ್ಕುತ್ತಿದ್ದರು. ತೊಳೆದುಕೊಂಡೇ ಬರುತ್ತಿದ್ದರು, ಆದರೆ ಉಗುರಿನ ಸಂದಿಯಲ್ಲಿ, ಚರ್ಮದ ಗೆರೆಯಲ್ಲಿ ಉಳಿಯುವ ಎಣ್ಣೆ ಒಂದು ಸೋಪಿಗೆ ಹೋಗುವುದಿಲ್ಲ. ಹಲಗೆ ಕೆರೆಯುವಾಗ ಬೆರಳು ತಾಗುತ್ತದೆ. ನಮ್ಮಲ್ಲಿದ್ದ ಕೈಗವಸು ಆ ದ್ರಾವಕಕ್ಕೆ ಕರಗಿ ಇನ್ನಷ್ಟು ಕೊಳೆ ಸೇರಿಸುತ್ತದೆ ಎಂದು ಅವರು ಬರಿಗೈಯಲ್ಲೇ ಕೆರೆಯುತ್ತಿದ್ದರು. ಖಾಲಿ ಟ್ಯೂಬಿಗೋ, ಕೆರೆಯಲು ಏನೂ ಇರಲಿಲ್ಲವಾದ್ದರಿಂದ ಹಲಗೆಯ ಹಂತವೇ ಇರಲಿಲ್ಲ. ಎಲ್ಲ ಹಂತವನ್ನೂ ಕಾಯುತ್ತಿದ್ದ ಟ್ಯೂಬ್, ಬೆರಳು ತಾಗುವ ಆ ಒಂದು ಹಂತವನ್ನು ಮಾತ್ರ ಕಂಡಿರಲೇ ಇಲ್ಲ. ಮಕ್ಕಳ ಜಡೆಯನ್ನು ಬಾಗಿಲಲ್ಲೇ ತಡೆದವರ ಬೆರಳಿನಲ್ಲೇ ಅದು ಒಳಗೆ ಬಂದಿತ್ತು. ನಾನು ಏನಾದರೂ ಸಮಾಧಾನ ಹೇಳಬೇಕಿತ್ತು. ಚಾ ಕುಡಿಯುವಾ ಎಂದೆ. ಆಗಬಹುದು ಎಂದರು. ಇಬ್ಬರೂ ಹೋಗಿ ಕುಡಿದೆವು.

ಅದೇ ದಿನ ಲೇಖನ ಹಿಂದಕ್ಕೆ ಪಡೆಯುತ್ತೇನೆಂದು ಪತ್ರಿಕೆಗೆ ಬರೆದರು. ಪ್ರಿನ್ಸಿಪಾಲರು ಬೇಡವೆಂದರು, ಕಾಲೇಜಿನ ಮಾನ ಎಂದರು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಕೇಳಿದರು. ನನಗೆ ಗೊತ್ತುಂಟಲ್ಲ ಎಂದು ಇವರು ಹೊರಗೆ ಬಂದರು. ಮರುದಿನ ನನ್ನನ್ನು ಜೊತೆಗೆ ಬರುತ್ತೀರಾ ಎಂದು ಕೇಳಿದರು. ಅವರು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ಕಡಬದ ದಾರಿಯಾಗಿ ಸುಬ್ರಹ್ಮಣ್ಯಕ್ಕೆ ಬಸ್ಸಿನಲ್ಲಿ ಹೋದೆವು. ಕಡಬದಲ್ಲಿ ಬಸ್ಸು ನಿಂತಾಗ ನಾನು ಇಳಿದು ಕಡಲೆ ತಂದೆ, ನಾನೇ ತಿಂದೆ.

ತಮ್ಮ ಅಂಗಳದಲ್ಲಿ ಜೀಪಿನ ಚಕ್ರಕ್ಕೆ ನೀರು ಹೊಯ್ಯುತ್ತಿದ್ದ. ಸಪೂರ ಮನುಷ್ಯ, ಕೆನ್ನೆ ಒಳಗೆ ಹೋಗಿತ್ತು, ಅಕ್ಕನದೇ ಮೂಗು. ಅವನ ಹೆಂಡತಿ ನೀರು ಬೆಲ್ಲ ತಂದಿಟ್ಟಳು. ಅಕ್ಕ ತಮ್ಮ ಸಾಮಾನ್ಯವಾಗಿ ಅರೆಭಾಷೆಯಲ್ಲಿ ಮಾತಾಡುವವರು, ನಾನಿದ್ದೇನೆಂದು ಅವನು ಮರ್ಯಾದೆಗೆ ಕನ್ನಡಕ್ಕೆ ತಿರುಗಿದ. ಅಕ್ಕನೂ ಅದರಲ್ಲೇ ಹೇಳಿದರು. ಆ ಪೀಕ್ ಅವನ ಕರುಳಿನದ್ದಲ್ಲ, ತನ್ನ ಕೈಯದ್ದು, ಕಾವಲು ಗೀವಲು ಎಂತದೂ ಇಲ್ಲ, ಆಪರೇಶನ್ ಆಗಲೇಬೇಕು. ಪಾಠ ಮಾಡುವ ದನಿಯಲ್ಲೇ ಹೇಳಿದರು. ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವನು ಬಹಳ ಹೊತ್ತು ಒದ್ದೆ ಕೈಯನ್ನು ಲುಂಗಿಗೆ ಒರೆಸುತ್ತಲೇ ಇದ್ದ.

"ಹಾಗಾದ್ರೆ ನೀನು ನನ್ನ ಕಾಲು ತಿಕ್ಕಿದ್ದೇ ತಪ್ಪಾಯ್ತಾ ಅಕ್ಕ?"

"ತಿಕ್ಕಿದ್ದು ತಪ್ಪಲ್ಲ. ಕೈ ತೊಳೆದದ್ದು ಸಾಕಾಗ್ಲಿಲ್ಲ."

ಅವನು ನಕ್ಕ. ನಗು ಬರುವ ಸಂಗತಿ ಅದಾಗಿರಲಿಲ್ಲ, ಆದರೂ ನಕ್ಕ. ಸರಿ, ಜೀಪಿಗೆ ಒಬ್ಬ ಡ್ರೈವರ್ ನೋಡ್ಬೇಕು ಎಂದು ಹೆಂಡತಿಯ ಕಡೆ ತಿರುಗಿ ಹೇಳಿದ. ಅಷ್ಟೇ ಆದದ್ದು. ಬೈಗುಳ ಇಲ್ಲ, ಅಳು ಇಲ್ಲ. ನಾವು ಹಾಲಿಲ್ಲದ ಕಟ್ಟಂ ಚಾ ಕುಡಿದು, ಅವನದೇ ಜೀಪಿನಲ್ಲಿ ಸುಬ್ರಹ್ಮಣ್ಯದವರೆಗೆ ಬಂದೆವು.

ಆಪರೇಶನ್ ಆಯಿತು. ಒಳಗೆ ನೋಡಿದರೆ ರೋಗ ಕರುಳಿನ ಗೋಡೆ ದಾಟಿತ್ತು. ಲಿವರಿನಲ್ಲೂ ಕಂಡಿತು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದನಾ ಎಂದು ಮೇಡಂ ಡಾಕ್ಟರನ್ನು ಕೇಳಿದರು. ನಾನು ಪಕ್ಕದಲ್ಲೇ ಇದ್ದೆ. ಒಳ್ಳೆಯ ಡಾಕ್ಟರು, ಹಾಗೆಂದು ಹೇಳಲಾಗುವುದಿಲ್ಲ ಎಂದರು. ಅಲ್ಲ ಎಂದೂ ಹೇಳ್ಲಿಕ್ಕೆ ಆಗುದಿಲ್ಲ ಅಲ್ವಾ ಎಂದರು ಮೇಡಂ. ತಮ್ಮ ಮುಂದಿನ ಮಳೆಗಾಲ ಕಾಣಲಿಲ್ಲ. ಉತ್ತರಕ್ರಿಯೆಯ ಬೊಜ್ಜ ಮುಗಿಸಿ ಮೇಡಂ ಕಾಲೇಜಿಗೆ ಬಂದರು, ಮೇಜಿನ ಧೂಳು ಒರೆಸಿದರು, ತರಗತಿಗೆ ಹೋದರು. ನನಗೆ ಅವತ್ತು ಅವರ ಮೇಲೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಒಂದು ಸಲ ಗೋಡೆಗೆ ತಲೆ ಚಚ್ಚಿಕೊಂಡು ಅತ್ತಿದ್ದರೆ ನಾನೂ ಅಳಬಹುದಿತ್ತು ಎನಿಸಿತ್ತು.

ಊರು ಮಾತ್ರ ತಪ್ಪನ್ನು ಕೇಳಿಸಿಕೊಳ್ಳಲೇ ಇಲ್ಲ. ತಿದ್ದುಪಡಿ ಪೇಪರಿನಲ್ಲಿ ಬಂತು, ಒಳಪುಟದ ಮೂಲೆಯಲ್ಲಿ, ಓದಿದವರು ಯಾರು? ವರ್ಷಗಳಾದ ಮೇಲೂ ಬಸ್ಸಿನಲ್ಲಿ ಯಾರಾದರೂ ಎದ್ದು, ಓ ಕಾವಲು ಕೊಬ್ಬಿನ ಮೇಡಂ, ನಿಮ್ಮಿಂದಾಗಿ ನಾವು ಧೈರ್ಯದಲ್ಲಿ ಕಾಯಿ ತಿನ್ನುದು ಮಾರಾಯ್ರೆ ಎನ್ನುತ್ತಿದ್ದರು. ಅದು ತಪ್ಪು ಎನ್ನುತ್ತಿದ್ದರು ಇವರು. ಪ್ರತಿ ಸಲ, ಒಬ್ಬರನ್ನೂ ಬಿಡದೆ. ಎಷ್ಟು ವಿನಯ ನೋಡಿ ಎಂದು ಜನ ಇನ್ನೂ ಮೆಚ್ಚುತ್ತಿದ್ದರು. ಒಂದು ದಿನ ನಾನು, ಬಿಡಿ ಮೇಡಂ, ತಲೆಯಾಡಿಸಿ ಸುಮ್ಮನಿರಿ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಹುಡುಕಾಟವನ್ನು ಅವರು ಮತ್ತೆ ಮಾಡಲಿಲ್ಲ. ಪೊರೆಯ ಕೊಬ್ಬಿನ ಬಗ್ಗೆ ಬೇರೆ ಬೇರೆ ಕಡೆ ಬಂದದ್ದನ್ನೆಲ್ಲ ಓದುತ್ತಿದ್ದರು. ಈ ಪ್ರಶ್ನೆ ಸರಿಯೇ, ಉತ್ತರ ಯಾರಿಗಾದರೂ ಸಿಕ್ಕೀತು ಎನ್ನುತ್ತಿದ್ದರು. ತಾನು ಮಾತ್ರ ಚೂರು ಮುಟ್ಟಲಿಲ್ಲ. ಅದರ ಬದಲು ಪ್ರತಿ ವರ್ಷ ಹೊಸ ಮಕ್ಕಳ ಮೊದಲ ಪ್ರಾಯೋಗಿಕ ತರಗತಿಯಲ್ಲಿ ಎರಡು ಕಾಗದಗಳನ್ನು ಗೋಡೆಗೆ ಅಂಟಿಸುತ್ತಿದ್ದರು. ಇದು ನನ್ನ ತಮ್ಮನ ಕರುಳಿನಿಂದ ಬಂದದ್ದೆಂದು ನಾನು ತಿಳಿದ ಪೀಕ್. ಇದು ನನ್ನ ಕೈಯಿಂದ ಬಂದ ಪೀಕ್. ಎರಡೂ ಒಂದೇ. ಇದನ್ನು ನಂಬಿ ಅವನು ಆಪರೇಶನ್ ಮುಂದೂಡಿದ. ತೀರಿಹೋದ. ಖಾಲಿ ಟ್ಯೂಬನ್ನು ಎಲ್ಲ ಹಂತಕ್ಕೂ ಒಯ್ಯಬೇಕು, ಏನೂ ಇಲ್ಲದಿದ್ದರೂ ಕೆರೆಯಬೇಕು. ಈಗ ಟ್ಯೂಬ್ ತೊಳೆಯಿರಿ. ಇಷ್ಟೇ, ವರ್ಷ ವರ್ಷವೂ ಇದೇ ಮಾತು, ದನಿ ಒಂದು ಎಳೆಯೂ ಅಲುಗದೆ. ಮಕ್ಕಳು ಮುಖ ಮುಖ ನೋಡಿಕೊಂಡು ಟ್ಯೂಬ್ ತೊಳೆಯುತ್ತಿದ್ದರು. ನನಗೆ ಮೊದಮೊದಲು ಎದೆ ಹಿಂಡುತ್ತಿತ್ತು. ಆಮೇಲೆ ಕಿರಿಕಿರಿಯಾಗುತ್ತಿತ್ತು. ಆಮೇಲೆ ಏನೂ ಆಗುತ್ತಿರಲಿಲ್ಲ. ಪ್ರಾರ್ಥನೆಗೆ ಎದ್ದುನಿಂತ ಹಾಗೆ ನಿಂತು ಕೇಳಿ ಬರುತ್ತಿದ್ದೆ. ನನ್ನ ಈ ಮರಗಟ್ಟುವಿಕೆ ಅವರು ಸತ್ತ ಮೇಲೆ ಬಂದದ್ದಲ್ಲ, ಆ ತರಗತಿಗಳಲ್ಲೇ ಸ್ವಲ್ಪ ಸ್ವಲ್ಪವಾಗಿ ಹತ್ತಿದ್ದಿರಬೇಕು.

ಅವರು ನಿವೃತ್ತರಾಗುವ ವರ್ಷವೂ ಅದೇ ಪಾಠ ನಡೆಯಿತು. ಎರಡು ಕಾಗದ, ತಮ್ಮ, ಖಾಲಿ ಟ್ಯೂಬ್. ಅವರು ಟ್ಯೂಬ್ ತೊಳೆಯಿರಿ ಎನ್ನುವಷ್ಟರಲ್ಲಿ ಕೆದಂಬಾಡಿಯಿಂದ ಬರುತ್ತಿದ್ದ ಒಬ್ಬಳು ಹುಡುಗಿ ಕೈ ಎತ್ತಿದಳು. ಸ್ವಲ್ಪ ಹೊತ್ತಿನ ಮೊದಲಷ್ಟೇ ಮೇಡಂ ರೋಗಿಗಳಿಗೆ ಏನೂ ಹೇಳಬಾರದೆಂಬ ನಿಯಮವನ್ನು ಬರೆಸಿದ್ದರು. ಹುಡುಗಿ ಪ್ರಶ್ನೆ ಕೇಳಿದ್ದು ಜಾಣತನ ತೋರಿಸಲಿಕ್ಕಲ್ಲ, ನಿಜವಾಗಿ ಅರ್ಥವಾಗದೆ.

"ಮೇಡಂ, ನಿಮ್ಮ ತಮ್ಮನಿಗೆ ಆ ಪೀಕ್ ಉಂಟು ಅಂತ ಯಾರು ಹೇಳಿದ್ದು?"

ಅಷ್ಟು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮೇಡಂ ಕೈಯಲ್ಲಿದ್ದ ಟ್ಯೂಬನ್ನು ಸ್ಟ್ಯಾಂಡಿನಲ್ಲಿ ಇಟ್ಟರು.

"ನಾನು."

"ಹೇಳ್ಲಿಕ್ಕೆ ಇಲ್ಲ ಅಲ್ವಾ ಮೇಡಂ?"

"ಇಲ್ಲ. ಹೇಳ್ಲಿಕ್ಕೆ ಇಲ್ಲ." ಅವರು ಹುಡುಗಿಯನ್ನು ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. "ಅವನಿಗೆ ಊಟ ಅಂದ್ರೆ ಹೆದರಿಕೆ. ಉಂಡ್ರೆ ರಕ್ತ ಹೋಗ್ತದೆ ಅಂತ ತಿಂಗಳುಗಟ್ಟಲೆ ಗಂಜಿ ತಿಳಿ ಬಿಟ್ಟು ಎಂತದೂ ಮುಟ್ಟಿರ್ಲಿಲ್ಲ. ಬಟ್ಟಲು ಕಂಡ್ರೆ ಅಳುದು, ಅಷ್ಟು ದೊಡ್ಡ ಗಂಡಸು. ಅವತ್ತು ಮಂಗಳೂರಿನಿಂದ ಕಾಗದ ತಂದವಳು ಮನೆಗೆ ಹೋಗಿ, ನಿನಗೆ ಕಾವಲು ಉಂಟು, ಹೆದರ್ಬೇಡ ಅಂದೆ. ಬಂಗುಡೆ ಸಾರು ಮಾಡಿದ್ದೆ. ಅವ ಎರಡು ಸರ್ತಿ ಬಡಿಸಿಕೊಂಡು ಉಂಡ. ನಾನು ನೋಡ್ತಾ ಕೂತಿದ್ದೆ."